ಗೇಮಿಂಗ್ ಪಿಸಿಗೆ ಎಷ್ಟು ದುಡ್ಡು ಹಾಕಬೇಕು? ವರ್ಷದ ಲೆಕ್ಕ ಹಾಕಿ ನೋಡಿ

ಗೇಮಿಂಗ್ ಪಿಸಿ ಕಟ್ಟಿಸಬೇಕು ಅಂತ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ನಾಲ್ಕು ಅಂಗಡಿ ಸುತ್ತಿದರೆ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ‘ಇನ್ನೊಂದು ನಲವತ್ತು ಸಾವಿರ ಹಾಕಿ ಸಾರ್, ಹತ್ತು ವರ್ಷ ಚಿಂತೆ ಇಲ್ಲ, ಪೂರ್ತಿ ಫ್ಯೂಚರ್ ಪ್ರೂಫ್.’ ಅದಕ್ಕೆ ಹೂಂ ಅನ್ನುವ ಮುಂಚೆ ಒಂದು ಹಳೇ ಗ್ರಾಫಿಕ್ಸ್ ಕಾರ್ಡಿನ (ಆಟದ ಚಿತ್ರವನ್ನು ಪರದೆಗೆ ಬಿಡಿಸುವ ಭಾಗ) ಕಥೆ ಕೇಳಿ.

2017ರಲ್ಲಿ ಎನ್‌ವಿಡಿಯಾದ ಜಿಟಿಎಕ್ಸ್ 1080 ಟಿಐ ಬಂತು. 11 ಜಿಬಿ ಮೆಮೊರಿ, ಬೆಲೆ 699 ಡಾಲರ್. 2021ರಲ್ಲಿ ಆರ್‌ಟಿಎಕ್ಸ್ 3060 ಬಂತು. ವೇಗ ಹೆಚ್ಚುಕಡಿಮೆ ಅಷ್ಟೇ, ಮೆಮೊರಿ 12 ಜಿಬಿ, ಕಂಪನಿ ಹೇಳಿದ ಬೆಲೆ 329 ಡಾಲರ್. (ಆ ವರ್ಷ ಚಿಪ್ ಕೊರತೆಯಿಂದಾಗಿ ಯಾವ ಅಂಗಡಿಯಲ್ಲೂ ಆ ಬೆಲೆಗೆ ಸಿಗುತ್ತಿರಲಿಲ್ಲ, ಅದು ಬೇರೆ ಮಾತು.) 2024ರ ಡಿಸೆಂಬರ್‌ನಲ್ಲಿ ಇಂಡಿಯಾನಾ ಜೋನ್ಸ್ ಆಟ ಬಂದಾಗ ರೇ ಟ್ರೇಸಿಂಗ್ ಹಾರ್ಡ್‌ವೇರ್ (ಬೆಳಕು, ನೆರಳು ನಿಜದಂತೆ ಕಾಣಲು ಬೆಳಕಿನ ದಾರಿಯನ್ನೇ ಲೆಕ್ಕ ಹಾಕುವ ಭಾಗ) ಇರುವ ಕಾರ್ಡ್ ಕಡ್ಡಾಯವಾಯಿತು. 3060 ಇದ್ದವರು ಆಡಿದರು. ಎರಡರಷ್ಟು ಕೊಟ್ಟು 1080 ಟಿಐ ತಂದವರು ಹೊರಗೆ ಉಳಿದರು. 2017ರಲ್ಲಿ ಎಷ್ಟೇ ಸುರಿದಿದ್ದರೂ ಆ ಸೌಲಭ್ಯ ಸಿಗುತ್ತಿರಲಿಲ್ಲ, ಯಾಕೆಂದರೆ ಅಂಥ ಗೇಮಿಂಗ್ ಕಾರ್ಡ್ ಮಾರುಕಟ್ಟೆಗೆ ಬಂದದ್ದೇ 2018ರಲ್ಲಿ.

ಹಾಗಾಗಿ ನನ್ನ ಮಾತು ಇಷ್ಟೇ. ಮುಂದಿನ ವರ್ಷಗಳಿಗೆ ಅಂತ ಇರೋ ದುಡ್ಡನ್ನೆಲ್ಲ ಇವತ್ತೇ ಕ್ಯಾಬಿನೆಟ್ ಒಳಗೆ ತುಂಬಬೇಡಿ. ಒಂದಷ್ಟನ್ನು ಬ್ಯಾಂಕಿನಲ್ಲೇ ಬಿಡಿ. ಎಷ್ಟು ಹಾಕಬೇಕು, ಎಷ್ಟು ಬಿಡಬೇಕು ಅನ್ನೋದಕ್ಕೆ ದಾರಿ ಇದೆ.

ಮೊದಲು ಮಾನಿಟರ್ ತೀರ್ಮಾನ ಮಾಡಿ. ಬಹಳ ಜನ ಇದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ, ಆದರೆ ಉಳಿದ ಖರ್ಚೆಲ್ಲ ನಿಂತಿರುವುದೇ ಇದರ ಮೇಲೆ. 1080ಪಿ ಪರದೆಯಲ್ಲಿ ಸುಮಾರು 21 ಲಕ್ಷ ಪಿಕ್ಸೆಲ್, 1440ಪಿಯಲ್ಲಿ 37 ಲಕ್ಷ, 4ಕೆಯಲ್ಲಿ 83 ಲಕ್ಷ. ಪ್ರತಿ ಫ್ರೇಮ್‌ಗೂ, ಅಂದರೆ ಪರದೆಯಲ್ಲಿ ಬದಲಾಗುವ ಒಂದೊಂದು ಚಿತ್ರಕ್ಕೂ, ಇಷ್ಟನ್ನೂ ಗ್ರಾಫಿಕ್ಸ್ ಕಾರ್ಡ್ ಲೆಕ್ಕ ಹಾಕಿ ಬಿಡಿಸಬೇಕು. ಅಂದರೆ 4ಕೆ ಬೇಕು ಅಂದ ಕೂಡಲೇ ಇವತ್ತಿನ ಕಾರ್ಡ್ ಮಾತ್ರವಲ್ಲ, ಮುಂದೆ ಬದಲಿಸುವ ಪ್ರತಿಯೊಂದು ಕಾರ್ಡೂ ದುಬಾರಿಯದ್ದೇ ಆಗಬೇಕಾಗುತ್ತದೆ. ವ್ಯಾಲರಂಟ್, ಕೌಂಟರ್ ಸ್ಟ್ರೈಕ್ 2 ಇಂಥ ಆನ್‌ಲೈನ್ ಶೂಟಿಂಗ್ ಆಟಗಳನ್ನೇ ಜಾಸ್ತಿ ಆಡುವವರಿಗೆ ಹೆಚ್ಚು ಹರ್ಟ್ಸ್ ಇರುವ, ಅಂದರೆ ಸೆಕೆಂಡಿಗೆ ಹೆಚ್ಚು ಸಲ ಚಿತ್ರ ಬದಲಿಸುವ, 1080ಪಿ ಸಾಕು. ಕಥೆ ಇರುವ ದೊಡ್ಡ ಆಟಗಳ ಆಸೆ ಇದ್ದರೆ 1440ಪಿ. ನನ್ನನ್ನು ಕೇಳಿದರೆ ಮನೆಯ ಮೇಜಿಗೆ ಅದಕ್ಕಿಂತ ಮೇಲೆ ಹೋಗುವ ಅಗತ್ಯ ತುಂಬಾ ಜನರಿಗೆ ಇಲ್ಲ.

ಆಮೇಲೆ ವರ್ಷದ ಲೆಕ್ಕ. ಒಂದು ಕಾಗದ ತೆಗೆದುಕೊಳ್ಳಿ. ನಾನು ಹಾಕುವ ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮ ಕೈಗೆ ಬಂದ ಬೆಲೆ ಹಾಕಿಕೊಳ್ಳಿ. ಒಬ್ಬರು ಇವತ್ತೇ 2 ಲಕ್ಷ ಹಾಕಿ 6 ವರ್ಷ ಏನನ್ನೂ ಮುಟ್ಟದೆ ಆಡಿ, ಕೊನೆಗೆ 20 ಸಾವಿರಕ್ಕೆ ಮಾರಿದರು ಅಂದುಕೊಳ್ಳಿ. 1 ಲಕ್ಷ 80 ಸಾವಿರ ಭಾಗಿಸು 6, ವರ್ಷಕ್ಕೆ 30 ಸಾವಿರ. ಇನ್ನೊಬ್ಬರು 1 ಲಕ್ಷಕ್ಕೆ ಕಟ್ಟಿಸಿದರು. ಮೂರು ವರ್ಷ ಆದ ಮೇಲೆ ಹಳೇ ಕಾರ್ಡನ್ನು 10 ಸಾವಿರಕ್ಕೆ ಕೊಟ್ಟು 45 ಸಾವಿರದ ಹೊಸ ಕಾರ್ಡ್ ಹಾಕಿಸಿದರು. ಕೊನೆಗೆ ಅವರೂ 20 ಸಾವಿರಕ್ಕೆ ಮಾರಿದರು. ಒಟ್ಟು 1 ಲಕ್ಷ 15 ಸಾವಿರ, ವರ್ಷಕ್ಕೆ ಸುಮಾರು 19 ಸಾವಿರ. ಮೊದಲ ಮೂರು ವರ್ಷ ಇವರ ಆಟ ಸ್ವಲ್ಪ ಕಡಿಮೆ ಸೆಟ್ಟಿಂಗ್‌ನಲ್ಲಿ ಓಡುತ್ತದೆ, ನಿಜ. ಆದರೆ ನಾಲ್ಕನೇ ವರ್ಷದಿಂದ ಹೊಸ ಸೌಲಭ್ಯಗಳಿರುವ ಕಾರ್ಡ್ ಇರುವುದು ಇವರ ಹತ್ತಿರವೇ. ವರ್ಷಕ್ಕೆ ಎಷ್ಟು ಕೊಡೋಕೆ ಮನಸ್ಸು ಒಪ್ಪುತ್ತದೋ ಆ ಅಂಕಿಯಿಂದ ಹಿಂದಕ್ಕೆ ಬನ್ನಿ, ಇವತ್ತಿನ ಬಜೆಟ್ ತಾನಾಗಿ ಸಿಗುತ್ತದೆ. ಕರೆಂಟ್, ಆಟಗಳ ಬೆಲೆ, ಹೆಡ್‌ಸೆಟ್ ಇವನ್ನೂ ಅದರೊಳಗೇ ಹಿಡಿಯಿರಿ.

ಬಜೆಟ್ ಸಿಕ್ಕಿತು ಅಂದರೆ ಅದನ್ನು ಹಂಚುವ ಕೆಲಸ. ಇಲ್ಲಿ ನಿಜವಾಗಿಯೂ ಬಹಳ ವರ್ಷ ಬಾಳುವ ಭಾಗಗಳಿವೆ, ಕೈ ಬಿಚ್ಚಬೇಕಾದ್ದು ಅಲ್ಲೇ.

ಮದರ್‌ಬೋರ್ಡ್ ತೆಗೆದುಕೊಳ್ಳುವಾಗ ಸಾಕೆಟ್, ಅಂದರೆ ಪ್ರೊಸೆಸರ್ ಕೂರುವ ಜಾಗ, ಯಾವುದು ಅಂತ ನೋಡಿ. ಎಎಂಡಿ ಕಂಪನಿಯ ಎಎಂ4 ಸಾಕೆಟ್ ಇದಕ್ಕೆ ಒಳ್ಳೇ ಸಾಕ್ಷಿ. 2017ರಲ್ಲಿ ಮೊದಲ ರೈಜೆನ್ ಪ್ರೊಸೆಸರ್ ಜೊತೆ ಕೊಂಡ ಎಷ್ಟೋ ಬೋರ್ಡ್‌ಗಳಿಗೆ ಬಯಾಸ್ (ಬೋರ್ಡಿನೊಳಗೇ ಇರುವ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ 2022ರ ರೈಜೆನ್ 7 5800ಎಕ್ಸ್3ಡಿ ಕೂರಿಸಬಹುದಾಗಿತ್ತು. ಅದೇ ಬೋರ್ಡ್, ಅದೇ ರ‍್ಯಾಮ್, ಪ್ರೊಸೆಸರ್ ಮಾತ್ರ ಹೊಸದು. ಈಗಿನ ಎಎಂ5 ಸಾಕೆಟ್ 2022ರಲ್ಲಿ ಬಂದದ್ದು, 2027ರವರೆಗೂ ಅದರಾಚೆಗೂ ಬೆಂಬಲ ಇರುತ್ತದೆ ಅಂತ ಕಂಪನಿ ಹೇಳಿದೆ. ಇಂಥ ಸಾಕೆಟ್‌ನ ಮಧ್ಯಮ ಬೆಲೆಯ ಬೋರ್ಡ್, ಅದರ ಮೇಲೆ 6 ಕೋರ್ ಪ್ರೊಸೆಸರ್ ಹಾಕಿ. ಬಣ್ಣದ ಲೈಟಿನ ದುಬಾರಿ ಬೋರ್ಡಿಗೆ ಕೊಡುವ ದುಡ್ಡಿನಿಂದ ಆಟದಲ್ಲಿ ಒಂದು ಫ್ರೇಮ್ ಕೂಡ ಜಾಸ್ತಿ ಬರಲ್ಲ.

ಎಸ್‌ಎಂಪಿಎಸ್ (ಪಿಸಿಯ ಎಲ್ಲ ಭಾಗಗಳಿಗೂ ಕರೆಂಟ್ ಕೊಡುವ ಪೆಟ್ಟಿಗೆ) ವಿಷಯದಲ್ಲಿ ಮಾತ್ರ ದಯವಿಟ್ಟು ಕೈ ಬಿಗಿ ಹಿಡಿಯಬೇಡಿ. ಅಂಗಡಿಯವರು ಬರೆದುಕೊಡುವ ಕೊಟೇಶನ್ ಚೀಟಿಯನ್ನು ಗಮನವಿಟ್ಟು ಓದಿ. ಪ್ರೊಸೆಸರ್, ಕಾರ್ಡ್ ಎರಡಕ್ಕೂ ಪೂರ್ತಿ ಹೆಸರು ಇರುತ್ತದೆ. ಕೆಳಗೆ ಬಂದರೆ ‘ಎಸ್‌ಎಂಪಿಎಸ್ 500 ವ್ಯಾಟ್’ ಅಂತ ಅಷ್ಟೇ ಬರೆದಿರುತ್ತಾರೆ. ಕಂಪನಿ ಇಲ್ಲ, ಮಾಡೆಲ್ ಇಲ್ಲ. ಕಡಿಮೆ ರೇಟ್ ತೋರಿಸಲು ದುಡ್ಡು ಕತ್ತರಿಸುವುದು ಅಲ್ಲೇ. ಒಳ್ಳೇ 650 ಅಥವಾ 750 ವ್ಯಾಟ್‌ನ, 7ರಿಂದ 10 ವರ್ಷ ವಾರಂಟಿ ಇರುವ ಎಸ್‌ಎಂಪಿಎಸ್ ಹಾಕಿಸಿದರೆ ಮುಂದೆ ದೊಡ್ಡ ಕಾರ್ಡ್ ಬಂದರೂ ಅದನ್ನು ಬದಲಿಸಬೇಕಾಗಿಲ್ಲ. ಕರೆಂಟ್ ಹೋಗಿ ಬಂದು ಮಾಡುವ ಊರಾದರೆ ಯುಪಿಎಸ್ ದುಡ್ಡನ್ನೂ ಮೊದಲೇ ತೆಗೆದಿಡಿ. ಮನೆಗಳಲ್ಲಿ ಇಟ್ಟುಕೊಳ್ಳುವ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್. ಆಟ ಓಡುತ್ತಿರುವ ಪಿಸಿ, ಮಾನಿಟರ್ ಎರಡಕ್ಕೂ ಅದು ಸಾಲದೇ ಹೋಗಬಹುದು.

ಗ್ರಾಫಿಕ್ಸ್ ಕಾರ್ಡ್‌ಗೆ ಮಾನಿಟರ್ ಬಿಟ್ಟು ಉಳಿದ ದುಡ್ಡಿನಲ್ಲಿ 35ರಿಂದ 45 ಪರ್ಸೆಂಟ್ ಇಡಿ. ಅದರಲ್ಲಿ ಮೆಮೊರಿ ಎಷ್ಟಿದೆ ಅನ್ನೋದನ್ನು ಬಿಡದೆ ಕೇಳಿ. 2025ರಲ್ಲಿ ಬಂದ ಆರ್‌ಟಿಎಕ್ಸ್ 5060 ಟಿಐ 8 ಜಿಬಿ, 16 ಜಿಬಿ ಎರಡರಲ್ಲೂ ಇದೆ, ಹೆಸರು ಮಾತ್ರ ಒಂದೇ. ಬಂದಾಗ ಎರಡರ ನಡುವೆ ಇದ್ದ ವ್ಯತ್ಯಾಸ 50 ಡಾಲರ್. ಕಾರ್ಡಿನ ಮೆಮೊರಿ ತುಂಬಿದರೆ ಆಟ ಪಿಸಿಯ ರ‍್ಯಾಮ್‌ಗೆ ಓಡಬೇಕಾಗುತ್ತದೆ, ಚಿತ್ರ ತಡವರಿಸುತ್ತದೆ, ಗೋಡೆ ಮುಖಗಳೆಲ್ಲ ಮಸುಕಾಗುತ್ತವೆ. ಇದು ಕೊಂಡ ಮೇಲೆ ಸರಿಪಡಿಸಲಾಗದ ಕೊರತೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ರ‍್ಯಾಮ್ ಕಥೆ ಸದ್ಯಕ್ಕೆ ಬೇಸರದ್ದು. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಂಡಿದ್ದರಿಂದ 2025ರ ಕೊನೆಯಲ್ಲಿ ಬೆಲೆ ವಿಪರೀತ ಏರಿತು. 32 ಜಿಬಿ ಕೈಗೆಟುಕದಿದ್ದರೆ 16 ಜಿಬಿಯ ಒಂದೇ ಸ್ಟಿಕ್ ಹಾಕಿಸಿ, ಮುಂದೆ ಅದೇ ಮಾಡೆಲ್‌ನ ಇನ್ನೊಂದು ಸೇರಿಸಿ. ಅಲ್ಲಿಯವರೆಗೆ ವೇಗ ಸ್ವಲ್ಪ ಕಮ್ಮಿ ಇರುತ್ತದೆ, ನಡೆಯುತ್ತದೆ.

ಒಟ್ಟು ದುಡ್ಡೇ ಕಡಿಮೆ ಇದ್ದರೆ? ಸಾಲ ಮಾಡಬೇಡಿ, ಕಳಪೆ ಕಾರ್ಡೂ ಬೇಡ. ರೈಜೆನ್ 5 8600ಜಿ ಥರದ, ಒಳಗೇ ಗ್ರಾಫಿಕ್ಸ್ ಇರುವ ಪ್ರೊಸೆಸರ್ ಹಾಕಿಸಿ. ವ್ಯಾಲರಂಟ್ ಚೆನ್ನಾಗಿಯೇ ಓಡುತ್ತದೆ. ಕಾರ್ಡ್ ಆಮೇಲೆ ತಂದರಾಯಿತು, ಬೋರ್ಡೂ ಎಸ್‌ಎಂಪಿಎಸ್ಸೂ ಅದಕ್ಕೆ ಸಿದ್ಧವಾಗಿರುತ್ತವೆ ಅಲ್ವಾ.

ಕೊನೆಗೆ, ಒಂದೇ ಪಟ್ಟಿಯನ್ನು ಪೂರ್ತಿ ಮಾಡೆಲ್ ಹೆಸರುಗಳ ಸಮೇತ ಬರೆದು ಮೂರು ಅಂಗಡಿಗೆ ಕೊಡಿ, ಆನ್‌ಲೈನ್ ಬೆಲೆಯನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. 18 ಪರ್ಸೆಂಟ್ ಜಿಎಸ್‌ಟಿ ಸೇರಿದೆಯೋ ಇಲ್ಲವೋ ಮೊದಲೇ ಕೇಳಿ. ‘ಬಿಲ್ ಇಲ್ಲದೆ ಆದರೆ ಕಮ್ಮಿ ಮಾಡಿಕೊಡ್ತೀನಿ’ ಅಂದರೆ ಒಪ್ಪಬೇಡಿ. ಪ್ರತಿ ಭಾಗದ ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಬರೆಸಿ. ನಾಲ್ಕನೇ ವರ್ಷ ಎಸ್‌ಎಂಪಿಎಸ್ ಕೈಕೊಟ್ಟರೆ ವಾರಂಟಿ ಕೇಳಲು ಆ ಬಿಲ್ ಬೇಕಾಗುತ್ತದೆ.