ಉತ್ತರ ಕನ್ನಡದ ಸಮಸ್ಯೆಗೆ ಲೋಕಸಭೆಯಲ್ಲಿ ಉತ್ತರ ಪಡೆಯುವ ಬಗೆ

ಸಂಸದರ ಕೈಗೆ ಮನವಿ ಕೊಟ್ಟು ಫೋಟೊ ತೆಗೆಸಿಕೊಂಡರೆ ಕೆಲಸ ಮುಗಿಯುವುದಿಲ್ಲ. ಅದೇ ವಿಷಯ ಲೋಕಸಭೆಯ ಪ್ರಶ್ನೆಪಟ್ಟಿಗೆ ಬಂದರೆ ಸಚಿವರು ಉತ್ತರಿಸಲೇಬೇಕು, ಉತ್ತರ ಸದನದ ದಾಖಲೆಯಲ್ಲಿ ಉಳಿಯುತ್ತದೆ. ಪ್ರಶ್ನೆ ರಾಜ್ಯಸಭೆಯಲ್ಲೂ ಕೇಳಬಹುದು. ಆದರೆ ಸಚಿವಾಲಯಗಳ ಅನುದಾನ ಬೇಡಿಕೆ ಮತಕ್ಕೆ ಬರುವುದು ಲೋಕಸಭೆಯಲ್ಲಿ ಮಾತ್ರ. ನಾವು ನೇರವಾಗಿ ಆರಿಸಿದವರು ಕೂತಿರುವುದೂ ಅಲ್ಲೇ.

ಮೊದಲು ವಿಷಯ ಯಾರದ್ದೆಂದು ನೋಡಿ. ರಾಷ್ಟ್ರೀಯ ಹೆದ್ದಾರಿ 66, ರೈಲು, ಸೀಬರ್ಡ್ ನೌಕಾನೆಲೆ, ಕೈಗಾ ಅಣುಸ್ಥಾವರ, ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ), ಅಡಿಕೆ ಆಮದು ಕೇಂದ್ರದವು. ಪಂಚಾಯ್ತಿ ರಸ್ತೆ, ತಾಲೂಕು ಆಸ್ಪತ್ರೆಯ ವೈದ್ಯರ ಹುದ್ದೆಗೆ ಶಾಸಕರ ಬಳಿ ಹೋಗಿ. ಮೀನುಗಾರಿಕೆಯಲ್ಲಿ ಹೆಚ್ಚು ಎಚ್ಚರ ಬೇಕು: ತೀರದಿಂದ 12 ನಾಟಿಕಲ್ ಮೈಲಿನ ಒಳಗೆ ರಾಜ್ಯ, ಆಚೆಗೆ ಕೇಂದ್ರ. ಲೈಟ್ ಫಿಶಿಂಗ್ (ಪ್ರಖರ ದೀಪ ಬೆಳಗಿಸಿ ಮೀನು ಸೆಳೆದು ಹಿಡಿಯುವುದು) ಬಗ್ಗೆ ಬರೆಯುವಾಗ ಈ ಗೆರೆ ಮರೆತರೆ ‘ಇದು ರಾಜ್ಯದ ವಿಷಯ’ ಎಂಬ ಒಂದು ಸಾಲೇ ಉತ್ತರವಾಗುತ್ತದೆ.

ಇನ್ನು ಸಂಸದರ ಹೆಸರಲ್ಲಿ ಹೋಗುವ ಪ್ರಶ್ನೆಯ ಕರಡು ಬರೆಯುವುದು. ಹೆಚ್ಚಿನವು ಸೋಲುವುದು ಇಲ್ಲೇ. ‘ಅಡಿಕೆ ಬೆಳೆಗಾರರ ಹಿತ ಕಾಯಲು ಸರ್ಕಾರ ಯಾಕೆ ಏನೂ ಮಾಡುತ್ತಿಲ್ಲ?’ ಎಂಬುದು ಆರೋಪ, ನಿಯಮದ ಪ್ರಕಾರ ತಿರಸ್ಕೃತವಾಗುತ್ತದೆ. ಅದನ್ನೇ ವಾಣಿಜ್ಯ ಸಚಿವರಿಗೆ ಹೀಗೆ ಕೇಳಿ: ‘ಕಳೆದ 3 ಹಣಕಾಸು ವರ್ಷಗಳಲ್ಲಿ ಯಾವ ದೇಶದಿಂದ ಎಷ್ಟು ಟನ್ ಅಡಿಕೆ ಆಮದಾಗಿದೆ? 2023ರಲ್ಲಿ ಕಿಲೋಗೆ 351 ರೂಪಾಯಿಗೆ ಏರಿಸಿದ ಕನಿಷ್ಠ ಆಮದು ದರವನ್ನು ಪರಿಷ್ಕರಿಸುವ ಪ್ರಸ್ತಾವ ಇದೆಯೇ? ಇದ್ದರೆ ವಿವರವೇನು?’ ಕಳ್ಳದಾರಿಯಲ್ಲಿ ಬಂದು ಕಸ್ಟಮ್ಸ್‌ನವರು ಹಿಡಿದ ಅಡಿಕೆಯ ಲೆಕ್ಕವನ್ನು ಇದೇ ಪ್ರಶ್ನೆಗೆ ಸೇರಿಸಬೇಡಿ. ಅದು ಹಣಕಾಸು ಸಚಿವಾಲಯಕ್ಕೆ ಸೇರಿದ್ದು. ಎಲೆಚುಕ್ಕೆ ರೋಗ ಕೃಷಿ ಸಚಿವಾಲಯದ್ದು. ಮೂರಕ್ಕೂ ಬೇರೆ ಬೇರೆ ಪ್ರಶ್ನೆ ಬೇಕು.

ಒಂದು ಪ್ರಶ್ನೆ 150 ಪದ ಮೀರಬಾರದು. ಅಭಿಪ್ರಾಯ ಕೇಳುವಂತಿಲ್ಲ, ಕೋರ್ಟಿನ ಮುಂದಿರುವುದನ್ನು ಕೆದಕುವಂತಿಲ್ಲ. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗದಂಥ ವ್ಯಾಜ್ಯ ಕಂಡ ಯೋಜನೆಯಾದರೆ, ಬಜೆಟ್‌ನಲ್ಲಿ ಎಷ್ಟು ಇಟ್ಟಿದ್ದಾರೆ, ಎಷ್ಟು ಖರ್ಚಾಗಿದೆ ಎಂದಷ್ಟೇ ಕೇಳಿ.

ಸಂಸದರ ಪ್ರಶ್ನೆಯ ನೋಟಿಸ್ ಉತ್ತರದ ದಿನಕ್ಕಿಂತ ಕನಿಷ್ಠ 15 ಪೂರ್ಣ ದಿನ ಮೊದಲು ಹೋಗಬೇಕು, ಪ್ರತಿ ಸಚಿವಾಲಯಕ್ಕೂ ವಾರದಲ್ಲಿ ಗೊತ್ತಾದ ದಿನವಿದೆ. ಹಾಗಾಗಿ ಅಧಿವೇಶನಕ್ಕೆ ತಿಂಗಳಿರುವಾಗಲೇ ಕರಡನ್ನು ಸಂಸದರ ಕಚೇರಿಗೆ ಮುಟ್ಟಿಸಿ. ದಿನಕ್ಕೆ ಚುಕ್ಕೆ ಗುರುತಿನ (ಸಚಿವರು ಸದನದಲ್ಲಿ ಬಾಯಿಮಾತಲ್ಲಿ ಉತ್ತರಿಸುವ) ಪ್ರಶ್ನೆ 20, ಚುಕ್ಕೆ ಇಲ್ಲದ್ದು 230. ಆಯ್ಕೆ ನಡೆಯುವುದು ಚೀಟಿ ಎತ್ತುವ ಮೂಲಕ. ಅಂಕಿಅಂಶ ಬೇಕಿದ್ದರೆ ಚುಕ್ಕೆ ಇಲ್ಲದ್ದೇ ಒಳ್ಳೆಯದು: ಅವಕಾಶ ಹೆಚ್ಚು, ಉತ್ತರ ಲಿಖಿತ. ಚುಕ್ಕೆ ಪ್ರಶ್ನೆಯ ಲಾಭವೆಂದರೆ ಸಚಿವರನ್ನು ಎದುರಿಗೇ ಉಪಪ್ರಶ್ನೆ ಕೇಳಬಹುದು. ಚೀಟಿಯಲ್ಲಿ ಬಾರದಿದ್ದರೆ ಲೋಕಸಭೆಯ ಕಾರ್ಯವಿಧಾನ ನಿಯಮ 377ರಡಿ 250 ಪದದೊಳಗೆ ವಿಷಯ ಎತ್ತಲು ಹೇಳಿ.

ಹೊನ್ನಾವರ, ಅಂಕೋಲಾ, ಶಿರಸಿಯ ಜೊತೆಗೆ ಬೆಳಗಾವಿ ಜಿಲ್ಲೆಯ ಖಾನಾಪುರ, ಕಿತ್ತೂರೂ ಇದೇ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ಕಾಡು, ರೈಲಿನ ವಿಷಯಕ್ಕೆ ಅಲ್ಲಿಯವರ ಸಹಿಯನ್ನೂ ತನ್ನಿ. ಸಹಿ ಬೇಕಾಗುವುದು ಪ್ರಶ್ನೆಗಲ್ಲ, ಇನ್ನೊಂದು ದಾರಿಯಾದ, ಜನರೇ ಸದನಕ್ಕೆ ಸಲ್ಲಿಸುವ ಅರ್ಜಿಗೆ. ಕನ್ನಡದಲ್ಲಿ ಬರೆದರೆ ಹಿಂದಿ ಅಥವಾ ಇಂಗ್ಲಿಷ್ ಅನುವಾದ ಲಗತ್ತಿಸಿ, ಅದಕ್ಕೂ ಸಹಿ ಹಾಕಿ. ಓದುಬರಹ ಬಾರದವರು ಹೆಬ್ಬೆಟ್ಟು ಒತ್ತಬಹುದು. ಹೆಸರು, ವಿಳಾಸ ಪೂರ್ತಿ ಇರಲಿ. ಪತ್ರ, ಅಫಿಡವಿಟ್ ಜೊತೆಗಿಡಬೇಡಿ, ಅದಕ್ಕೆ ಅವಕಾಶವಿಲ್ಲ. ಸಂಸದರ ಮೇಲುಸಹಿಯೊಂದಿಗೆ ಸದನದಲ್ಲಿ ಮಂಡನೆಯಾದ ಅರ್ಜಿಯನ್ನು 15 ಸದಸ್ಯರ ಅರ್ಜಿ ಸಮಿತಿ ಪರಿಶೀಲಿಸುತ್ತದೆ.

ಉತ್ತರ ಬಂದ ಮೇಲೆ ಪೂರ್ತಿ ಓದಿ. ‘ಮಾಹಿತಿ ಸಂಗ್ರಹಿಸಲಾಗುತ್ತಿದೆ’ ಎಂದಿದ್ದರೆ ಅದು ಸರ್ಕಾರದ ಭರವಸೆ. ಅದನ್ನು ಮೂರು ತಿಂಗಳಲ್ಲಿ ಈಡೇರಿಸಬೇಕು, ಅದರ ಮೇಲೆ ಕಣ್ಣಿಡಲು ಸದನದ ಭರವಸೆಗಳ ಸಮಿತಿಯೇ ಇದೆ. ಪ್ರಶ್ನೆ ಸಂಖ್ಯೆ, ದಿನಾಂಕ ಬರೆದಿಟ್ಟುಕೊಂಡು ಗಡುವು ಮುಗಿದ ವಾರವೇ ಸಂಸದರಿಗೆ ಪತ್ರ ಹಾಕಿ.