ಕಲಬುರಗಿಯಲ್ಲೇ ಎನ್‌ಯುಡಿಟಿ15 ಪಿಸಿಆರ್: ನನ್ನ ಅನುಭವ

ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಅಜಥಯೋಪ್ರಿನ್ ಮಾತ್ರೆ ಕೊಡುವ ಮುಂಚೆ ಎನ್‌ಯುಡಿಟಿ15 ಜೀನ್ ನೋಡಬೇಕು. ಈ ಜೀನಿನಲ್ಲಿ ಬದಲಾವಣೆ ಇದ್ದವರಿಗೆ ಆ ಮಾತ್ರೆಯಿಂದ ಬಿಳಿ ರಕ್ತಕಣ ಅಪಾಯದ ಮಟ್ಟಕ್ಕೆ ಇಳಿಯಬಹುದು. 2014ರಲ್ಲಿ ಕೊರಿಯಾದವರು ಕ್ರೋನ್ಸ್ (ಕರುಳಿನ ಉರಿಯೂತ) ರೋಗಿಗಳಲ್ಲಿ ಇದನ್ನು ತೋರಿಸಿದರು. ನಮ್ಮ ಜನರಿಗೂ ಟಿಪಿಎಂಟಿ ಎಂಬ ಇನ್ನೊಂದು ಜೀನಿಗಿಂತ ಇದೇ ಜಾಸ್ತಿ ಮುಖ್ಯ. ಇದೆಲ್ಲ ವೈದ್ಯರಿಗೆ ಗೊತ್ತಿದ್ದದ್ದೇ. ತೊಂದರೆ ಇದ್ದದ್ದು ದುಡ್ಡಿನದು. ಸ್ಯಾಂಪಲ್ ಹೊರಗೆ ಕಳಿಸಿದರೆ ನಾಲ್ಕೈದು ಸಾವಿರ, ವರದಿ ಬರಲು ಎರಡು ಮೂರು ವಾರ. ತೊಗರಿ ಮಾರಿ ಔಷಧಿ ತರುವವರು ಎಲ್ಲಿಂದ ಕೊಡಬೇಕು? ಪರೀಕ್ಷೆ ಬಿಟ್ಟು ಮಾತ್ರೆ ಶುರುವಾಗುತ್ತಿತ್ತು. ಆಳಂದ ಕಡೆಯ ಒಬ್ಬಳು ಮೂರನೇ ವಾರಕ್ಕೇ ಬಂದಳು: "ಸರ್, ಕೂದ್ಲಾ ಹಿಡಿ ಹಿಡಿ ಉದುರ್ಲಾಕತ್ಯಾವ್ರಿ." ಬಿಳಿ ರಕ್ತಕಣ ಸಾವಿರದ ಹತ್ತಿರ ಇಳಿದಿತ್ತು.

ನಮ್ಮ ಲ್ಯಾಬಿನಲ್ಲೇ ಮಾಡೋಣ ಅಂದಾಗ "ಅದು ಬೆಂಗಳೂರಿನ ಕೆಲಸ, ಸುಮ್ನೆ ಯಾಕೆ" ಅಂದವರೇ ಎಲ್ಲ. ಡಿಎನ್ಎ ತುಣುಕನ್ನು ಲಕ್ಷಾಂತರ ಪ್ರತಿ ಮಾಡುವ, ಕೋವಿಡ್ ಕಾಲದ ಪಿಸಿಆರ್ ಮಷಿನ್ ಖಾಲಿ ಕೂತಿತ್ತು. ಅದರಲ್ಲೇ ಆರ್ಮ್ಸ್ ಪಿಸಿಆರ್ (ಡಿಎನ್ಎಯ ಒಂದೊಂದು ಅಕ್ಷರವನ್ನು ಅದಕ್ಕೆಂದೇ ಬರೆಸಿದ ಪ್ರೈಮರ್, ಅಂದರೆ ಪ್ರತಿ ಶುರು ಮಾಡುವ ಚಿಕ್ಕ ಡಿಎನ್ಎ ಚೂರಿನಿಂದ ಹಿಡಿಯುವ ವಿಧಾನ) ಓಡಿಸಿ, ಬಂದ ತುಣುಕುಗಳನ್ನು ಬೇರ್ಪಡಿಸಿ ನೋಡಲು ಜೆಲ್ ಹಾಕಿದೆ. ನೋಡಬೇಕಾದದ್ದು ಜೀನಿನ 415ನೇ ಜಾಗದಲ್ಲಿ ಸಿ ಅಕ್ಷರ ಇದೆಯಾ, ಅಪಾಯದ ಟಿ ಇದೆಯಾ, ಅಷ್ಟೇ.

ಮೊದಮೊದಲು ಎಲ್ಲರಿಗೂ ಸಿ, ಟಿ ಎರಡರ ಬ್ಯಾಂಡೂ (ಜೆಲ್ ಮೇಲಿನ ಗೆರೆ) ಬಂತು! ಪ್ರೈಮರ್ ಡಿಎನ್ಎಗೆ ಅಂಟುವ ಅನೀಲಿಂಗ್ ಉಷ್ಣತೆ ಏರಿಸಿದೆ. ಸುಳ್ಳು ಬ್ಯಾಂಡ್ ಹೋಯಿತು, ಜೊತೆಗೆ ನಿಜವಾದ ಟಿ ಬ್ಯಾಂಡೂ ಮಸುಕಾಯಿತು. ಕೊನೆಗೆ ಪ್ರೈಮರ್ ತುದಿಯ ಹತ್ತಿರ ಬೇಕಂತಲೇ ಒಂದು ತಪ್ಪು ಅಕ್ಷರ ಸೇರಿಸಿ ಬರೆಸಿದೆ. ಜೆಲ್ ಸ್ವಚ್ಛವಾಯಿತು. ಆ ಅಕ್ಷರ ಯಾವುದು, ಎಷ್ಟನೆಯದು ಅನ್ನೋದು ಸದ್ಯ ನನ್ನ ಹತ್ತಿರವೇ ಇರಲಿ.

ಮೇ ತಿಂಗಳಲ್ಲಿ ತರಿಸಿದ ಮಾಸ್ಟರ್ ಮಿಕ್ಸ್ (ಪಿಸಿಆರ್ ಓಡಿಸಲು ಬೇಕಾದ ಸಿದ್ಧ ಮಿಶ್ರಣ) ಕೊರಿಯರ್ ಗೋದಾಮಿನಲ್ಲಿ ಎರಡು ದಿನ ಬಿದ್ದಿತ್ತು. ನಮ್ಮ ಬಿಸಿಲು ಗೊತ್ತಲ್ಲ, 42 ಡಿಗ್ರಿ. ಯಾವಾಗಲೂ ಬರಲೇಬೇಕಾದ ಕಂಟ್ರೋಲ್ ಬ್ಯಾಂಡ್ ಕೂಡ ಬರಲಿಲ್ಲ. ಏಳೆಂಟು ಸಾವಿರ ನೀರಿಗೆ ಹೋಯಿತು. ಈಗ ವರ್ಷಕ್ಕಾಗುವಷ್ಟು ಚಳಿಗಾಲದಲ್ಲೇ ತರಿಸುತ್ತೇನೆ. ವಾರ್ಡಿನಿಂದ ಹಸಿರು ಮುಚ್ಚಳದ ಟ್ಯೂಬ್ ಬಂದರೆ ವಾಪಸ್. ಅದರಲ್ಲಿರುವ ಹೆಪಾರಿನ್ ಪಿಸಿಆರನ್ನು ಕೆಡಿಸುತ್ತದೆ, ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇನ್ನೊಂದು ರಾಸಾಯನಿಕ) ಹಾಕಿದ ಟ್ಯೂಬಿನ ರಕ್ತವೇ ಬೇಕು.

ಯಾದಗಿರಿಯಿಂದ ಫಿಲ್ಟರ್ ಪೇಪರ್ ಮೇಲೆ ರಕ್ತದ ಹನಿ ಒಣಗಿಸಿ ಲಕೋಟೆಯಲ್ಲಿ ತರಿಸಿಯೂ ನೋಡಿದೆ. ವಾರದ ನಂತರವೂ ಬ್ಯಾಂಡ್ ಬಂತು! ಮಳೆಗಾಲದಲ್ಲಿ ಮಾತ್ರ ಜೊತೆಗೆ ಸಿಲಿಕಾ ಪುಡಿಕೆ ಇಡಬೇಕು. ಅದೇ ಹುರುಪಿನಲ್ಲಿ, ಕರುಳಿನ ಉರಿಯೂತ ತಿಳಿಸುವ ಮಲದ ಕ್ಯಾಲ್‌ಪ್ರೊಟೆಕ್ಟಿನನ್ನೂ ಬಿಸಿಲಿಗೆ ಇಟ್ಟು ಅಳೆದೆ. ಕರುಳಿಗೆ ನುಗ್ಗಿದ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ‌ಗಳು ಬಿಡುವ ಪ್ರೋಟೀನ್ ತಾನೇ, ಗಟ್ಟಿಯಾಗಿರಬಹುದು ಅಂದುಕೊಂಡಿದ್ದೆ. ಎರಡು ದಿನ ಪರವಾಗಿಲ್ಲ, ಆಮೇಲೆ ಇಳಿಯಿತು. ದೂರದ ಊರಿನವರಿಗೆ ಮಲದ ಸ್ಯಾಂಪಲ್ ಬೆಳಗಿನ ಬಸ್ಸಿಗೇ ತನ್ನಿ ಅನ್ನುತ್ತೇನೆ.

ನಮ್ಮ ಪಿಸಿಆರ್ ಸರಿಯಿದೆಯಾ ಅಂತ ತಾಳೆ ನೋಡಲು ಸುಮಾರು ಇಪ್ಪತ್ತು ಸ್ಯಾಂಪಲ್ ಬೆಂಗಳೂರಿಗೆ, ಜೀನಿನ ಅಕ್ಷರಗಳನ್ನು ನೇರವಾಗಿ ಓದುವ ಸ್ಯಾಂಗರ್ ಸೀಕ್ವೆನ್ಸಿಂಗ್‌ಗೆ ಕಳಿಸಿದೆ. ಎಲ್ಲವೂ ನಮ್ಮ ಜೆಲ್ ಹೇಳಿದಂತೆಯೇ ಬಂದವು. ಈಗ ಒಬ್ಬರಿಗೆ ಮುನ್ನೂರು, ಮುನ್ನೂರೈವತ್ತು ರೂಪಾಯಿ ಬೀಳುತ್ತದೆ. ವರದಿ ಎರಡೇ ದಿನ. ಬೇಡ ಅಂದವರೇ ಈಗ ಬೀದರಿನಿಂದಲೂ ಸ್ಯಾಂಪಲ್ ಕಳಿಸುತ್ತಾರೆ.

ತಂದೆ, ತಾಯಿ ಇಬ್ಬರಿಂದ ಬಂದ ಪ್ರತಿಯಲ್ಲೂ ಟಿ ಇದ್ದು ಟಿಟಿ ಬಂದರೆ ಅಜಥಯೋಪ್ರಿನ್ ಬೇಡ. ಒಂದರಲ್ಲಿ ಮಾತ್ರ ಟಿ ಇದ್ದು ಸಿಟಿ ಬಂದರೆ ಕಡಿಮೆ ಡೋಸಿನಿಂದ ಶುರು ಮಾಡಿ. ಎರಡರಲ್ಲೂ ಸಿ, ಅಂದರೆ ಸಿಸಿ ಬಂತು ಅಂತ ರಕ್ತಕಣದ ಎಣಿಕೆ ಬಿಡಬೇಡಿ. ಈ ಪರೀಕ್ಷೆ ನೋಡುವುದು ಒಂದೇ ಜಾಗವನ್ನು, ಆ ಜೀನಿನಲ್ಲಿ ಬೇರೆ ಬದಲಾವಣೆಗಳೂ ಇವೆ. ಮೊದಲ ಎರಡು ತಿಂಗಳು ಹದಿನೈದು ದಿನಕ್ಕೊಮ್ಮೆಯಾದರೂ ಸಿಬಿಸಿ (ರಕ್ತಕಣದ ಎಣಿಕೆ) ಮಾಡಿಸಿ ಅಂತ ಪ್ರತಿ ವರದಿಯ ಕೆಳಗೂ ಬರೆದೇ ಕಳಿಸುತ್ತೇನೆ.