ಫೈರ್‌ವಾಲ್ ನಿಯಮಕ್ಕೊಂದು ತಕರಾರು ಪುಸ್ತಕ

ನಾನು ಮುಧೋಳ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು. ಸರ್ವರ್, ಪ್ರಿಂಟರ್, ಕ್ಯಾಮೆರಾ, ಸಾಹೇಬರ ಮೊಬೈಲು, ಎಲ್ಲಕ್ಕೂ ನಾನೇ. ಹಂಗಾಮು ಶುರುವಾಯಿತೆಂದರೆ ಜೀವವೆಲ್ಲ ಕಾಟಾದ ಹತ್ತಿರ. ಕಬ್ಬಿನ ಟ್ರ್ಯಾಕ್ಟರ್ ಕಾಟಾ ಹತ್ತಿ, ತೂಕ ಪರದೆ ಮೇಲೆ ಬಂದು, ಚೀಟಿ ಹರಿದರೇನೇ ಪಾಳಿ ಮುಂದೆ ಸರಿಯುವುದು.

ಒಂದು ರಾತ್ರಿ ಎರಡರ ಸುಮಾರಿಗೆ ಕಾಟಾದ ಸಾಫ್ಟ್‌ವೇರ್ ನಿಂತಿತು. ಅದನ್ನು ಸರಿಮಾಡುವ ಎಂಜಿನಿಯರ್ ಬೇರೆ ಊರಿನವ, ತನ್ನೂರಿಂದಲೇ ನಮ್ಮ ಪರದೆ ತೆರೆದು ನಡೆಸುವ ರಿಮೋಟ್ ಡೆಸ್ಕ್‌ಟಾಪಿನಿಂದಲೇ ಆಗಬೇಕು. ಹೊರಗಿನಿಂದ ಬರುವವರಲ್ಲಿ ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂದು ಕಾಯುವ ಫೈರ್‌ವಾಲಿನಲ್ಲಿ ಅವನಿಗೊಂದು ಅನುಮತಿ ಸೇರಿಸಿದೆ, ಸೇರಿಸಿದ್ದು ಕೊನೆಯ ಸಾಲಿಗೆ. ಅದರ ಮೇಲೆ 'ಹೊರಗಿನಿಂದ ಬರುವುದೆಲ್ಲ ಬಂದ್' ಎಂದು ನಾನೇ ಹಿಂದೆ ಬರೆದದ್ದಿತ್ತು. ನಮ್ಮ ಫೈರ್‌ವಾಲ್ ಲಿನಕ್ಸಿನ ಐಪಿಟೇಬಲ್ಸ್, ಅದು ಸಾಲುಗಳನ್ನು ಮೇಲಿನಿಂದ ಕೆಳಗೆ ಓದುತ್ತದೆ. ಬಿಡು ಅಥವಾ ತಡೆ ಎನ್ನುವ ಸಾಲು ಮೊದಲು ಯಾವುದು ಹೊಂದಿತೋ ಅದರದ್ದೇ ಕೊನೆಯ ಮಾತು. ನನ್ನ ಹೊಸ ಸಾಲಿನ ತನಕ ಒಂದು ಪ್ಯಾಕೆಟ್ಟೂ (ನೆಟ್‌ವರ್ಕಿನಲ್ಲಿ ಓಡುವ ಮಾಹಿತಿಯ ತುಣುಕು) ಇಳಿದು ಬರಲಿಲ್ಲ. ಇದು ಹೊಳೆಯುವಷ್ಟರಲ್ಲಿ ಪಾಳಿಯಲ್ಲಿದ್ದವರು ನನ್ನ ವಂಶಾವಳಿ ಓದಿ ಮುಗಿಸಿದ್ದರು. ಸಿಟ್ಟಿನಲ್ಲಿ ಆ ಸಾಲನ್ನು ಎಲ್ಲಕ್ಕಿಂತ ಮೇಲೆ ಒಯ್ದಿಟ್ಟೆ. ಹಂಗಾಮು ಮುಗಿದರೂ ಅದು ಅಲ್ಲೇ ಕೂತಿತ್ತು. ಯಾಕಿಟ್ಟೆ ಎಂದು ಎಲ್ಲೂ ಬರೆದಿರಲಿಲ್ಲ, ಹಾಗಾಗಿ ತೆಗೆಯಲು ಧೈರ್ಯವೂ ಬರಲಿಲ್ಲ.

ಫೈರ್‌ವಾಲಿನಲ್ಲಿ ಯಾವುದು ಯಾವುದನ್ನು ಮೀರುತ್ತದೆ ಎಂಬುದು ಸಾಲಿನ ಜಾಗದಿಂದ ಗೊತ್ತಾಗುತ್ತದೆ, ಯಾಕೆ ಎಂಬುದು ಗೊತ್ತಾಗುವುದಿಲ್ಲ. ಇದಕ್ಕೆ ವಾದದ ತರ್ಕ ಒದಗಿಬರುತ್ತದೆ. ಫಾನ್ ಮಿನ್ ಡುಂಗ್ ಎಂಬ ವಿದ್ವಾಂಸರು 1995ರಲ್ಲಿ ತೋರಿಸಿದ ದಾರಿ ಬಹಳ ಸರಳ: ವಾದದ ಹೊಟ್ಟೆಯೊಳಗೆ ಏನಿದೆ ಎಂಬುದನ್ನು ಬದಿಗಿಟ್ಟು, ಯಾವ ವಾದ ಯಾವುದನ್ನು ಹೊಡೆಯುತ್ತದೆ ಎಂದಷ್ಟೇ ಗುರುತಿಸಿದರೂ ಕೊನೆಗೆ ಉಳಿಯುವುದು ಯಾವುದೆಂದು ಲೆಕ್ಕ ಹಾಕಬಹುದು. ಇಂಥ ತರ್ಕವನ್ನು ಫೈರ್‌ವಾಲ್ ನಿಯಮಗಳಿಗೆ ಹಚ್ಚಿ ನೋಡಿದ ಸಂಶೋಧಕರೂ ಇದ್ದಾರೆ. ಅವರದು ಪ್ರೋಗ್ರಾಮು, ನನ್ನದು ಇನ್ನೂರು ಪುಟದ ಲಾಂಗ್ ಬುಕ್. ಹೊಲದ ಖಾತೆ ಬದಲಾಗುವಾಗ ತಕರಾರು ಹಾಕುತ್ತಾರಲ್ಲ, ಆ ಶಬ್ದವನ್ನೇ ಇಟ್ಟುಕೊಂಡಿದ್ದೇನೆ.

ನಿಯಮ ಬರೆಯುವ ಮೊದಲು ಪರ-ವಿರೋಧದ ಒಂದೊಂದು ಮಾತಿಗೂ ನಂಬರು ಹಾಕಿ. ಒಂದು ಮಾತಿಗೆ ಒಂದೇ ಕಾರಣ. 'ಎಂಜಿನಿಯರ್ ಒಳ್ಳೆ ಮನುಷ್ಯ' ಎಂಬಂಥದ್ದನ್ನು ಬರೆಯಬೇಡಿ, ಅದಕ್ಕೆ ತಕರಾರು ಹಾಕಲು ಬರುವುದಿಲ್ಲ. ನನ್ನ ಪುಟ ಹೀಗಿತ್ತು:

1. ಎಂಜಿನಿಯರಿಗೆ ಕಾಟಾ ಕಂಪ್ಯೂಟರಿನ ರಿಮೋಟ್ ಡೆಸ್ಕ್‌ಟಾಪ್ ಸಿಗಬೇಕು. ರಾತ್ರಿ ಕೆಟ್ಟರೆ ಬೇರೆ ಗತಿಯಿಲ್ಲ.
2. ಸಿಗಬಾರದು, ರಿಮೋಟ್ ಡೆಸ್ಕ್‌ಟಾಪಿನ ಬಾಗಿಲಾದ 3389ನೇ ಪೋರ್ಟ್ ಇಂಟರ್ನೆಟ್ಟಿಗೆ ಕಂಡರೆ ಪಾಸ್‌ವರ್ಡ್ ಊಹಿಸುವವರು ಮುಗಿಬೀಳುತ್ತಾರೆ. 1ಕ್ಕೆ ತಕರಾರು.
3. ಪೋರ್ಟ್ ಹೊರಗೆ ಕಾಣುವುದೇ ಇಲ್ಲ. ಅವನು ವಿಪಿಎನ್ ಎಂಬ ಗುಪ್ತ ಸುರಂಗದ ಒಳಗಿಂದ ಬರುತ್ತಾನೆ. 2ಕ್ಕೆ ತಕರಾರು.
4. ಆ ವಿಪಿಎನ್ ನೆಚ್ಚುವಂತಿಲ್ಲ. ಅವರ ಕಚೇರಿಯಲ್ಲಿ ಎಲ್ಲರಿಗೂ ಒಂದೇ ಪಾಸ್‌ವರ್ಡ್. 3ಕ್ಕೆ ತಕರಾರು.
5. ಈಗ ಹಾಗಿಲ್ಲ, ಒಬ್ಬೊಬ್ಬರಿಗೆ ಒಂದೊಂದು ಖಾತೆ, ಮೇಲೆ ಒಟಿಪಿ. 4ಕ್ಕೆ ತಕರಾರು.

ಈಗ ಬಣ್ಣದ ಪೆನ್ನು ತಗೊಳ್ಳಿ. ಯಾವ ತಕರಾರೂ ಇಲ್ಲದ ಮಾತಿಗೆ ಹಸಿರು. ಇಲ್ಲಿ ಅದು 5. ಹಸಿರು ಮಾತು ಯಾವುದನ್ನು ಹೊಡೆಯುತ್ತದೋ ಅದಕ್ಕೆ ಕೆಂಪು, 4 ಬಿತ್ತು. ತನ್ನ ಮೇಲಿನ ತಕರಾರೆಲ್ಲ ಕೆಂಪಾದ ಮಾತು ಹಸಿರು. 3 ಎದ್ದಿತು, ಅದರಿಂದ 2 ಬಿತ್ತು, 1 ನಿಂತಿತು. ಬಾಗಿಲು ತೆರೆಯಬಹುದು.

ಹೋದ ಹಂಗಾಮಿನಲ್ಲಿ ವಿಪಿಎನ್ ಲಾಗ್, ಅಂದರೆ ಯಾರು ಯಾವಾಗ ಒಳಬಂದರೆಂಬ ದಾಖಲೆ, ನೋಡುತ್ತ ಕೂತಿದ್ದೆ. ಒಂದೇ ಖಾತೆ, ಒಂದೇ ಹೊತ್ತಿಗೆ, ಎರಡು ಬೇರೆ ಬೇರೆ ಕಡೆಯಿಂದ ಒಳಬಂದಿತ್ತು. ಒಟಿಪಿಯನ್ನೇ ಹಂಚಿಕೊಳ್ಳುತ್ತಿದ್ದರು. 5ಕ್ಕೆ ತಕರಾರಾಗಿ 6ನೇ ಸಾಲು ಬರೆದೆ. 6 ಹಸಿರು, 5 ಕೆಂಪು, 4 ಹಸಿರು, 3 ಕೆಂಪು, 2 ಹಸಿರು, 1 ಕೆಂಪು. ಒಂದು ಸಾಲಿಗೆ ಇಡೀ ಪುಟ ಮಗುಚಿತು. "ಏನ್ರೀ, ನಿನ್ನೆ ತನಕ ತೆರದಿತ್ತು, ಇವತ್ಯಾಕ ಬಂದ್?" ಎಂದು ಮ್ಯಾನೇಜರ್ ಸಾಹೇಬರು ಬಂದಾಗ ನಾನು ವಾದಕ್ಕಿಳಿಯಲಿಲ್ಲ, ಆರನೇ ಸಾಲಿನ ಮೇಲೆ ಬೆರಳಿಟ್ಟೆ.

ಈ ಲೆಕ್ಕಕ್ಕೆ ಮಾತು ನಿಜವೋ ಸುಳ್ಳೋ ಗೊತ್ತಾಗುವುದಿಲ್ಲ. 5ನ್ನು ನಾನು ಬರೆದದ್ದು ಫೋನಿನಲ್ಲಿ ಅವರು ಹೇಳಿದ ಮೇಲೆ. ಅಂದಿನಿಂದ ಪ್ರತಿ ಮಾತಿನ ಮುಂದೆ 'ಕಂಡದ್ದು' ಅಥವಾ 'ಕೇಳಿದ್ದು' ಎಂದು ಬರೆಯುತ್ತೇನೆ. ಬರೀ ಕೇಳಿದ್ದಕ್ಕೆ ಹಸಿರು ಹಚ್ಚುವುದಿಲ್ಲ.

ಎರಡು ಮಾತು ಒಂದಕ್ಕೊಂದು ತಕರಾರು ಹಾಕಿಕೊಂಡು ಕೂತರೆ ಎರಡಕ್ಕೂ ಬಣ್ಣ ಬರುವುದಿಲ್ಲ. 'ಹಂಗಾಮಿನಲ್ಲಿ ವಿಂಡೋಸ್ ಅಪ್‌ಡೇಟ್ ಬೇಡ, ಕಾಟಾ ನಿಂತೀತು' ಎಂಬುದಕ್ಕೂ 'ಬಂದ ಕೂಡಲೇ ಹಾಕಬೇಕು' ಎಂಬುದಕ್ಕೂ ನಮ್ಮಲ್ಲಿ ಹೀಗೇ ಗಂಟು ಬಿದ್ದಿತ್ತು. ಆಗ ಯಾವಾಗ ಯಾವುದರ ಕೈ ಮೇಲು ಎಂದು ಹೇಳುವ ಮೂರನೇ ಮಾತು ಬೇಕು. ನಾನು ಬರೆದದ್ದು: ನೆಟ್‌ವರ್ಕಿನಿಂದಲೇ ಒಳನುಗ್ಗಬಹುದಾದ ದೋಷವಾದರೆ ಅಪ್‌ಡೇಟಿನದೇ ಕೈ ಮೇಲು. ಕಾರಣದ ಜಾಗದಲ್ಲಿ ವಾನಾಕ್ರೈ, ಕಡತಗಳಿಗೆ ಬೀಗ ಜಡಿದು ಹಣ ಕೇಳುವ ವೈರಸ್ಸು. ಮೈಕ್ರೋಸಾಫ್ಟ್ ಅದು ನುಗ್ಗುವ ತೂತು ಮುಚ್ಚುವ ಅಪ್‌ಡೇಟ್ ಬಿಟ್ಟದ್ದು 2017ರ ಮಾರ್ಚ್ 14ಕ್ಕೆ, ಹಾವಳಿ ಎದ್ದದ್ದು ಮೇ 12ಕ್ಕೆ. ಯಾರಿಗೂ ಇಂಥ ಮೂರನೇ ಮಾತು ಹೊಳೆಯದಿದ್ದರೆ ಬಾಗಿಲು ಮುಚ್ಚಿರಲಿ, ಪುಸ್ತಕ ಸಾಹೇಬರ ಟೇಬಲ್ಲಿಗೆ ಹೋಗಲಿ. ಅಲ್ಲಿ ಸಹಿ ಅವರದು.

ಫೈರ್‌ವಾಲಿಗೆ ಇಳಿಸುವಾಗ ವಿನಾಯಿತಿ ಮೇಲೆ, ಸಾಮಾನ್ಯ ನಿಯಮ ಕೆಳಗೆ. ಐಪಿಟೇಬಲ್ಸ್‌ನಲ್ಲಿ ಪ್ರತಿ ಸಾಲಿಗೂ 256 ಅಕ್ಷರದ ತನಕ ಟಿಪ್ಪಣಿ ಅಂಟಿಸಬಹುದು; ನಾನು 'ಪುಟ 14' ಎಂದಷ್ಟೇ ಹಾಕುತ್ತೇನೆ. ವಾರಕ್ಕೊಮ್ಮೆ, ಪ್ರತಿ ಸಾಲಿಗೆ ಎಷ್ಟು ಪ್ಯಾಕೆಟ್ ಹೊಂದಿತೆಂಬ ಎಣಿಕೆ ನೋಡಿ. ಒಂದು ಸಾಲಿನ ಎಣಿಕೆ ಸೊನ್ನೆಯಲ್ಲೇ ಇದ್ದರೆ ಯಾರೂ ಬಂದಿಲ್ಲ, ಇಲ್ಲವೇ ಮೇಲಿನ ಸಾಲು ನುಂಗುತ್ತಿದೆ.

ಬಾಗಿಲು ಮುಚ್ಚಿದ ಮೂರನೇ ರಾತ್ರಿ ಕಾಟಾದ ಹುಡುಗ ಫೋನ್ ಮಾಡಿದ. "ಸರ, ಅವರದು ಮೇಲ್ ಬಂದೈತ್ರಿ, ಎಲ್ಲಾರ ಒಟಿಪಿ ಬ್ಯಾರೆ ಬ್ಯಾರೆ ಮಾಡ್ಕೊಂಡಾರಂತ. ಏಳನೇದು ಬರದೀನಿ, ಆರನೇದು ಬಿತ್ತಲ್ರಿ. ಬಾಗಲಾ ತೆಗೀಲೇನ್ರಿ?"

"ಏಳರ ಮುಂದ ಏನಂತ ಬರದಿ?"

ಸ್ವಲ್ಪ ಹೊತ್ತು ಸುಮ್ಮನಿದ್ದ. "'ಕೇಳಿದ್ದು' ಅಂತ್ರಿ."

"ಹಂಗಾರ ತಡಿ. ಮುಂಜಾನೆ ಬಂದು ಲಾಗ್ ನೋಡ್ತೀನಿ."